ಕೊರಳಿನ ಕೊಳವೆ

ಐಸಿಯುನಿಂದ ವಾರ್ಡಿಗೆ ಬಂದು ಮೂರನೆಯ ದಿನ. ಸಿದ್ದಬಸಪ್ಪನ ಕೊರಳಿಗೆ ಚುಚ್ಚಿದ್ದ ಔಷಧಿಯ ಕೊಳವೆ ಹಾಗೇ ಇತ್ತು. ಅದರಲ್ಲಿ ಈಗ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಎಲ್ಲವೂ ಕೈಯ ಸೂಜಿಯಿಂದಲೇ.

"ಬೇಡದೇ ಇರೋದನ್ನ ಒಳಗೆ ಬಿಡಬಾರ್ದು ಅಮ್ಮ, ಇದರಿಂದಾನೇ ರಕ್ತಕ್ಕೆ ಇನ್‌ಫೆಕ್ಷನ್ ಹತ್ತೋದು. ವಾರ್ಡಲ್ಲಿ ಇವತ್ತೇ ತೆಗೀತಾರೆ" ಎಂದು ಐಸಿಯು ನರ್ಸ್ ಕಳಿಸುವಾಗ ಹೇಳಿದ್ದಳು. ಹೆಂಡತಿ ಬಸವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಕೇಳಿದರೆ ವಾರ್ಡಿನವರು, ಐಸಿಯುನಿಂದ ಆರ್ಡರ್ ಬಂದಿಲ್ಲ ಎಂದರು. ಲಿಫ್ಟಿಗೆ ಕಾದು ಮೇಲೆ ಹೋದರೆ, ಪೇಷಂಟು ಈಗ ವಾರ್ಡಿನವರ ಪಾಲು ಎಂದರು. ದೊಡ್ಡ ಡಾಕ್ಟರು ನೋಡೋಣ ಎನ್ನುತ್ತ ಮುಂದಿನ ಹಾಸಿಗೆಗೆ ನಡೆದರು. ಗಾಣದೆತ್ತಿನ ಹಾಗೆ ಸುತ್ತಿದ್ದೇ ಬಂತು.

ಅಂದು ಬೆಳಿಗ್ಗೆ ಸಿದ್ದಬಸಪ್ಪನಿಗೆ ಚೆನ್ನಾಗಿ ಎಚ್ಚರವಾಯಿತು. ಕೈ ಮೊದಲು ಎದೆಯನ್ನು ತಡವಿತು.

"ಲಿಂಗ ಎಲ್ಲೈತಿ?"

ಐಸಿಯುನಲ್ಲಿ ಬಿಚ್ಚಿಕೊಟ್ಟಿದ್ದ ಲಿಂಗದ ಕರಡಿಗೆ ಬಸವ್ವನ ಚೀಲದಲ್ಲಿತ್ತು. ಕೊರಳಿಗೆ ಕಟ್ಟಲು ಹೋದಾಗ ನರ್ಸ್ ಸತ್ಯವತಿ ತಡೆದಳು. ಕೊಳವೆ ಇರುವ ತನಕ ದಾರ ತಾಗಬಾರದಂತೆ, ಇನ್‌ಫೆಕ್ಷನ್ ಆಗುತ್ತದಂತೆ.

"ದಾರದಿಂದ ಆಗೋ ನಂಜು ಕೊಳವೆಯಿಂದ ಆಗೂದಿಲ್ಲೇನವಾ?" ವಿಜಯನಗರ ಬಡಾವಣೆಗೆ ಬಂದು ಮೂವತ್ತು ವರ್ಷವಾದರೂ ಬಸವ್ವ ಹಾವೇರಿಯ ನುಡಿ ಬಿಟ್ಟಿರಲಿಲ್ಲ. ಸತ್ಯವತಿ ಚಾರ್ಟು ಎತ್ತಿಕೊಂಡಳು.

ಲಿಂಗ ಮೈಮೇಲಿಲ್ಲದೆ ನೀರೂ ಮುಟ್ಟುವುದಿಲ್ಲವೆಂದು ಸಿದ್ದಬಸಪ್ಪ ತುಟಿ ಬಿಗಿದ. ತೋಳಿಗೆ ಕಟ್ಟಿದರೂ ನಡೆಯುತ್ತದೆಂದು ಬಸವ್ವನಿಗೆ ಗೊತ್ತಿತ್ತು. ಹೇಳಲಿಲ್ಲ. ಗಂಜಿಯ ಚಮಚ ಕೆಳಗಿಟ್ಟಳು.

ಪೇಷಂಟು ಊಟ ಬೇಡವೆನ್ನುತ್ತಿದ್ದಾನೆ ಎಂದು ಸತ್ಯವತಿ ಚಾರ್ಟಿನಲ್ಲಿ ಬರೆದಳು. ಮೂರು ದಿನ ಬೇಡಿಕೊಂಡರೂ ಅಲುಗದವರು ಆ ಒಂದು ಸಾಲಿಗೆ ಎದ್ದು ಬಂದರು. ಡ್ಯೂಟಿ ಡಾಕ್ಟರ್ ಆತ್ರೇಯ ಕಾರಣ ವಿಚಾರಿಸಿ, ಫೋನಿನಲ್ಲಿ ದೊಡ್ಡ ಡಾಕ್ಟರನ್ನು ಕೇಳಿ, ಕೊಳವೆ ತೆಗೆದು, ಹತ್ತಿ ಒತ್ತಿ ಹಿಡಿದು ಪಟ್ಟಿ ಹಚ್ಚಿದ.

"ಧಾರ್ಮಿಕ ಕಾರಣಕ್ಕೆ ತೆಗೆದ್ವಿ ಅಂತ ಬರ್ಕೊಳ್ಳಿ ಸಿಸ್ಟರ್."

"ನಂಜಿನ ಕಾರಣಕ್ಕ ಅಂತ ಬರೀರಿ ಸಾಹೇಬ್ರ" ಎಂದಳು ಬಸವ್ವ. ಅವನು ಆಗಲೇ ಬಾಗಿಲು ದಾಟಿದ್ದ.

ಸಿದ್ದಬಸಪ್ಪ ಪಟ್ಟಿಗೆ ತಾಗದಂತೆ ದಾರ ಸಡಿಲವಾಗಿ ಕಟ್ಟಿಸಿಕೊಂಡು ಗಂಜಿ ಕುಡಿದ. ಗೆದ್ದೆ ಎನ್ನಲು ಬಸವ್ವನಿಗೆ ಬಾಯಿ ಬರಲಿಲ್ಲ. ಪಕ್ಕದ ಹಾಸಿಗೆಯ ಉಲ್ಲಾಳದ ಮರಿಯಪ್ಪ ಅದೇ ಐಸಿಯುನಿಂದ ನಾಲ್ಕು ದಿನದ ಹಿಂದೆ ಬಂದವನು. ಅವನ ಕೊರಳಲ್ಲೂ ಅಂಥದೇ ಖಾಲಿ ಕೊಳವೆ. ಅವನೋ ಚಪ್ಪರಿಸಿಕೊಂಡು ಇಡ್ಲಿ ತಿನ್ನುತ್ತಿದ್ದ.

ಬಸವ್ವ ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಂಡಳು.

"ಮರಿಯಪ್ಪನವರ, ಮಧ್ಯಾಹ್ನ ಊಟ ತಂದ್ರ ಬ್ಯಾಡ ಅನ್ರಿ."