ಹಾವು ಬಿಟ್ಟುಹೋದ ಕಲೆ

ಫ್ಯಾನಿಲ್ಲದೆ ಒಂದು ಗಳಿಗೆಯೂ ಕೂರಲಾಗದ ಚೆನ್ನೈನ ಟಿ. ನಗರದ ಮನೆಯಲ್ಲಿ ನನ್ನ ಗಂಡ ಮುರಿಗೆಪ್ಪ ಹಾವಿಗೆ ಹೀಟರ್ ಹಾಕಿದ್ದರು! ಅದು ಅವರು ಮಗುವಿನಂತೆ ಸಾಕಿದ್ದ ಆಫ್ರಿಕಾದ ಪುಟ್ಟ ಹೆಬ್ಬಾವು. ಮಾರ್ಗಳಿ ತಿಂಗಳ ಚಳಿಗೆ ಎಲ್ಲಿ ಸೊರಗುತ್ತದೋ ಎಂದು ಅವರ ಹೆದರಿಕೆ. ನನಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದರ ಹೊಟ್ಟೆ ಕೆಂಪಾಗಿತ್ತು.

"ಪೊರಿ ಬಿಡಾಕತ್ತೈತಿ ನೋಡು," ಎಂದು ಅವರು ಹಿಗ್ಗಿದರು.

ಬಗ್ಗಿ ನೋಡಿದೆ. ಹುರುಪೆಗಳ ನಡುವೆ ನೀರು ತುಂಬಿದ ಗುಳ್ಳೆಗಳು. ಹಿಂದೊಮ್ಮೆ ಎಣ್ಣೆ ಸಿಡಿದಾಗ ನನ್ನ ಮುಂಗೈಯಲ್ಲೂ ಹೀಗೇ ಎದ್ದಿದ್ದವು. ಅದರ ಕಲೆ ಇನ್ನೂ ಇದೆ.

"ಪೊರಿ ಅಲ್ರೀ, ಸುಟ್ಟೈತಿ! ಮೊದಲ ಆ ಹೀಟರ್ ತೆಗೀರಿ," ಎಂದು ರೇಗಿದೆ.

ಅರಿಶಿನ ಹಚ್ಚಲು ಹೊರಟವಳನ್ನು ಪ್ರಾಣಿವೈದ್ಯರು ಫೋನಿನಲ್ಲೇ ತಡೆದರು. "ಅದೆಲ್ಲ ವೇಂಡಾಮ್ಮಾ," ಎಂದು ತಕ್ಷಣ ಕರೆಸಿಕೊಂಡು, ಗಾಯ ತೊಳೆದು ಮುಲಾಮು ಕೊಟ್ಟರು. ದಿನವೂ ಮುಲಾಮು ಹಚ್ಚಿ, ಪೆಟ್ಟಿಗೆಗೆ ಹೊಸ ಕಾಗದ ಹಾಸಿದೆವು. ನಾನು ಬೈಯುತ್ತಲೇ ಹಾಸಿದೆ.

ಬೇಸಿಗೆಯ ಹೊತ್ತಿಗೆ ಹಾವು ನಿಜಕ್ಕೂ ಪೊರೆ ಬಿಟ್ಟಿತು. ಆ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಗಾದೆ. ಕಣ್ಣ ಮೇಲಿನ ತೆಳು ಪೊರೆಯೂ ಗಾಜಿನ ಹನಿಯಂತೆ ಅದರಲ್ಲೇ ಬಂದಿತ್ತು. ಸುಟ್ಟ ಜಾಗದ ಒರಟು ಸುಕ್ಕೂ ಬಂದಿತ್ತು. ಜೀವನದಲ್ಲಿ ಮೊದಲ ಸಲ ಹಾವಿನ ಹೊಟ್ಟೆ ಸವರಿದೆ. ಅಲ್ಲಿ ಹೊಸ ಹುರುಪೆಗಳು ನುಣುಪಾಗಿ ಹೊಳೆಯುತ್ತಿದ್ದವು. ಗಾಯದ ಗುರುತು ಹುಡುಕಿದರಷ್ಟೇ ಕಾಣುತ್ತಿತ್ತು.

"ಪೊರಿ ಕಸದಾಗ ಹಾಕ್ಲೇನು?" ಎಂದರು ಅವರು.

"ಸ್ವಲ್ಪ ತಡೀರಿ," ಎಂದೆ. ಅದನ್ನು ನನ್ನ ಮುಂಗೈಯ ಕಲೆಯ ಮೇಲೆ ಹರಡಿಕೊಂಡು ಕೂತಿದ್ದೆ.