ಅಪ್ಪ ತೋರಿಸಿದ ಫೋರಂ

ರೋಮಿನಲ್ಲಿ ಹುಟ್ಟಿದವರು ಊರ ನಡುವಿನ ಪಾಳುಗುಡಿಗಳ ಬಯಲಾದ ಫೋರಂ ಒಳಗೆ ಕಾಲಿಡುವುದಿಲ್ಲ. ಓಡಾಡುವಾಗೆಲ್ಲ ಮೇಲಿನ ರಸ್ತೆಯಿಂದ ಕಾಣುತ್ತದಲ್ಲ, ಮತ್ತೇನು? ಒಳಗೆ ಬಿಸಿಲಲ್ಲಿ ಅಲೆಯುವುದು ಪ್ರವಾಸಿಗರ ಕರ್ಮ. ನನ್ನಪ್ಪ ನಾಂದೊ ಜೀವಮಾನವೆಲ್ಲ ಅದರ ಪಕ್ಕದ ರಸ್ತೆಯಲ್ಲೇ ಬಸ್ ಓಡಿಸಿದವರು. ಕಿಟಕಿಯಿಂದ ಕಂಡಷ್ಟೇ ಅವರ ಪಾಂಡಿತ್ಯ.

ಅಂಥವರು ಉಚಿತ ಪ್ರವೇಶದ ಭಾನುವಾರ ಕೊರ್ರಾದೊನಿಗೆ ಫೋರಂ ತೋರಿಸುತ್ತೇನೆಂದಾಗ ನನ್ನೆದೆ ಧಸಕ್ಕೆಂದಿತು. ಕೊರ್ರಾದೊ ನಾನು ಮದುವೆಯಾಗಬೇಕೆಂದಿದ್ದ ಉತ್ತರದ ತೊರಿನೊ ಊರಿನ ಹುಡುಗ. ಒಳ್ಳೆಯವನೇ, ಆದರೆ ಎದುರಿಗಿದ್ದವರ ತಪ್ಪು ತಿದ್ದದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ನಮ್ಮನೆಯ ಮೊದಲ ಊಟದಲ್ಲೇ ಅಪ್ಪ ಹೇಳಿದ ಹಳೆಯ ಫುಟ್‌ಬಾಲ್ ಪಂದ್ಯದ ಗೋಲುಗಳ ಲೆಕ್ಕ ತಿದ್ದಿದ್ದ. ಅಪ್ಪ ಕಾಫಿಯನ್ನೂ ಕುಡಿಯದೆ ಎದ್ದುಹೋಗಿದ್ದರು. ಇನ್ನೊಮ್ಮೆ ಹಾಗಾದರೆ ಅವರ ಒಪ್ಪಿಗೆಗೆ ಎಳ್ಳುನೀರು ಬಿಟ್ಟಂತೆಯೇ. ಅಪ್ಪನನ್ನು ಧಿಕ್ಕರಿಸಿ ಮದುವೆಯಾಗಲು ನನಗೆ ಮನಸ್ಸಿರಲಿಲ್ಲ.

“ಬಾರಪ್ಪಾ ತೊರಿನೊ ದೊರೆ, ಇದು ನಮ್ಮನೆ ಅಂಗಳ ಅಂದ್ಕೋ,” ಎನ್ನುತ್ತ ಅಪ್ಪ ಮುಂದೆ ನಡೆದರು.

ಬಸ್ಸಿನಿಂದ ಎಡಕ್ಕೆ ಕಂಡದ್ದು ಒಳಗಿಳಿದು ತಿರುಗಿದರೆ ಬಲಕ್ಕಿತ್ತು. ಅಪ್ಪ ಜಗ್ಗಲಿಲ್ಲ. ಮೂರೇ ಕಂಬ ಉಳಿದಿದ್ದ ಕ್ಯಾಸ್ಟರ್ ಗುಡಿಯ ಮುಂದೆ ನಿಂತು, “ಇದೇ ನೋಡು ಸ್ಯಾಟರ್ನ್ ಗುಡಿ,” ಎಂದರು. ಒರಗಿದ್ದು ಮಾತ್ರ ಕ್ಯಾಸ್ಟರ್ ಗುಡಿ ಎಂದು ಬರೆದಿದ್ದ ಫಲಕಕ್ಕೇ. ಕೊರ್ರಾದೊ ಬಾಯಿ ತೆರೆದ. ನಾನು ಕಣ್ಣು ಕೆಕ್ಕರಿಸಿದೆ.

“ಹೌದಾ!” ಎಂದ. ಪಾಪ, ಕಿವಿಯೆಲ್ಲ ಕೆಂಪಾಗಿತ್ತು.

ಹೊರಹೋಗಲು ಅಪ್ಪ ತೋರಿಸಿದ ಗೇಟು ಮುಚ್ಚಿತ್ತು. ಇನ್ನೊಂದೂ ಅಷ್ಟೇ. ಸುತ್ತಿ ಸುತ್ತಿ ಮತ್ತೆ ಅದೇ ಮೂರು ಕಂಬಗಳ ಬುಡಕ್ಕೆ ಬಂದೆವು. ಅಪ್ಪ ಏದುಸಿರು ಬಿಡುತ್ತ ಅಲ್ಲೇ ಕಲ್ಲಿನ ಮೇಲೆ ಕೂತರು. ಬಾಟಲಿಗೆ ನೀರು ಹಿಡಿಯಲು ನಾನು ಗೋಡೆಯ ಹಿಂದಿನ ನಲ್ಲಿಗೆ ಹೋದೆ. ಅಲ್ಲಿಗೆ ಅಪ್ಪನ ದನಿ ಕೇಳಿಸಿತು.

“ನಾನು ಇವತ್ತಿನವರೆಗೂ ಒಳಗೆ ಬಂದೇ ಇಲ್ಲ ಕಣಪ್ಪಾ. ನಮ್ಮ ಇವಾನಾ ಚಿಕ್ಕೋಳಿದ್ದಾಗಿಂದ ಹೇಳ್ಕೊಂಡು ಬಂದಿದ್ದೀನಿ, ಇಲ್ಲಿ ಒಂದೊಂದು ಕಲ್ಲೂ ನಂಗೊತ್ತು ಅಂತ. ಅವಳ ಮುಂದೆ ನನ್ನ ಮರ್ಯಾದೆ ತೆಗೀಬೇಡ.”

“ಎದ್ದೇಳಿ ಮಾವ,” ಎಂದ ಕೊರ್ರಾದೊ. “ನನ್ನ ತೋಳು ಹಿಡ್ಕೊಳ್ಳಿ. ನೀವೇ ಕರ್ಕೊಂಡು ಹೋದಂಗಿರ್ಲಿ.”

ಏನೂ ಕೇಳಿಸದವಳಂತೆ ನೀರು ಕೊಟ್ಟು ಹಿಂದೆ ನಡೆದೆ. ಅಪ್ಪ ಎದೆಯುಬ್ಬಿಸಿ ಹೊರಟರು. ತಿರುವು ಬಂದಾಗಲೆಲ್ಲ ಕೊರ್ರಾದೊನ ಮೊಣಕೈ ಅವರನ್ನು ಮೆಲ್ಲಗೆ ಆಚೆಗೋ ಈಚೆಗೋ ತಳ್ಳುತ್ತಿತ್ತು.

ಹೊರಬಂದು ಕಾಫಿಗೆ ನಿಂತಾಗ ಅಪ್ಪ ಹೇಳಿದರು: “ಹುಡುಗ ಒಳ್ಳೆಯವನು ಕಣೇ. ದಾರಿ ಮಾತ್ರ ಒಂಚೂರೂ ಗೊತ್ತಿಲ್ಲ. ನಾನಿಲ್ದಿದ್ರೆ ಅಲ್ಲೇ ಕಳೆದುಹೋಗ್ತಿದ್ದ. ಮದುವೆಗೆ ದಿನ ನೋಡಿ.”

ಅಪ್ಪ ಇನ್ನೊಂದು ಕಾಫಿ ಹೇಳಲು ಆಚೆ ಹೋದಾಗ ಕೊರ್ರಾದೊನನ್ನು ಕೇಳಿದೆ: “ನಾನು ನೀರಿಗೆ ಹೋದಾಗ ಅಪ್ಪ ಏನಂದ್ರು?”

“ಸ್ಯಾಟರ್ನ್ ಗುಡಿ ಬಗ್ಗೆ ಇನ್ನೊಂದಿಷ್ಟು ಹೇಳಿದ್ರು. ಎಷ್ಟು ತಿಳ್ಕೊಂಡಿದ್ದಾರೆ ಮಾರಾಯ್ತಿ!”

ಅವನು ನನಗೆ ಹೇಳಿದ ಮೊದಲ ಸುಳ್ಳು ಅದು. ಎಲ್ಲರೆದುರೇ ಅವನ ಕೆನ್ನೆಗೆ ಮುತ್ತಿಟ್ಟೆ.