ಗಾಜಿನ ಮನೆಗೆ ನೀರು ಬಂದ ದಾರಿ

ಮಳೆ ಬಂದರೆ ಎಲ್ಲರೂ ಮನೆಯೊಳಗೆ ಓಡುತ್ತಾರೆ. ಒಂದು ಮನೆಯ ಸೊಸೆ ಮಾತ್ರ ಹಿತ್ತಲಿಗೆ ಓಡುತ್ತಿದ್ದಳು. ಅಲ್ಲಿ ಅವಳ ಗಾಜಿನ ಮನೆಯಿತ್ತು. ಕೆಳಗೆ ಗಿಡ್ಡನೆಯ ಇಟ್ಟಿಗೆ ಕಟ್ಟೆ, ಅದರ ಮೇಲೆ ಅಲ್ಯೂಮಿನಿಯಂ ಚೌಕಟ್ಟು, ಸುತ್ತಲೂ ಗಾಜು, ಒಳಗೆ ತಟ್ಟೆ ತಟ್ಟೆ ಟೊಮೆಟೊ, ಬದನೆ ಸಸಿ. ಸ್ವಸಹಾಯ ಗುಂಪಿನ ಹೆಂಗಸರೆಲ್ಲ ಅವಳಿಂದಲೇ ಸಸಿ ಕೊಳ್ಳುತ್ತಿದ್ದರು. ಆದರೆ ಕಳೆದ ಸಲ ಬುಡದಿಂದ ನೀರು ನುಗ್ಗಿ, ನೆಲದ ಮೇಲಿಟ್ಟ ಸಸಿಗಳ ಬೇರು ಕೊಳೆತುಹೋಯಿತು. ಈ ಸಲವೂ ಹಾಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಗುಂಪಿನವರು ಹೇಳಿಬಿಟ್ಟಿದ್ದರು. ಅವರನ್ನೂ ದೂರುವಂತಿಲ್ಲ.

ಗಂಡ ಬಸ್ ಚಾಲಕ. ಬೀದಿಯವರೆಲ್ಲ ಅವನನ್ನು ಅಂಟಣ್ಣ ಎಂದೇ ಕರೆಯುತ್ತಿದ್ದರು. ಚಪ್ಪಲಿ ಕಿತ್ತುಹೋದರೂ ಅಂಟು, ಕೊಡೆ ಹರಿದರೂ ಅಂಟು, ಕನ್ನಡಕದ ಕಾಲು ಮುರಿದರೂ ಅಂಟು. ಅಂಥವನು ಗಾಜಿನ ಮನೆಯನ್ನು ಬಿಟ್ಟಾನೆಯೇ? ಒಳಗೆ ಕೂತು ಚೌಕಟ್ಟಿನ ಉದ್ದಕ್ಕೂ ಸಿಲಿಕೋನ್ ಅಂಟು ಬಳಿದ. ಹೊರಗೆ ಬಂದು ನೋಡಿದರೆ ಕೆಳಗಿನ ಪಟ್ಟಿಯಲ್ಲಿ ಸಣ್ಣ ಸಣ್ಣ ತೂತು. “ಸಿಕ್ತು ನೋಡು ಕಳ್ಳದಾರಿ” ಎಂದು ಅವನ್ನೂ ಮುಚ್ಚಿದ. ಮುಂದಿನ ಮಳೆಗೆ ನೀರು ಮೊದಲಿಗಿಂತ ಜೋರಾಗಿ ಒಳಗೆ ಬಂತು.

“ಇನ್ನೊಂದು ಟ್ಯೂಬ್ ಬಳೀತೀನಿ ಬಿಡು,” ಎಂದ.

“ಬಳೀರಿ. ಸಸಿಗಳಿಗೂ ಒಂದೊಂದು ಸುತ್ತು ಬಳಿದುಬಿಡಿ,” ಎಂದವಳೇ ಹೆಂಡತಿ ಎದುರು ಮನೆಯ ಗಾಜಿನಕ್ಕನನ್ನು ಕರೆದುಕೊಂಡು ಬಂದಳು. ಕಿಟಕಿಗಳಿಗೆ ಗಾಜು ಕೂರಿಸುವುದು ಆಕೆಯ ಕಸುಬು.

ಗಾಜಿನಕ್ಕ ಕಟ್ಟೆಯ ಸುತ್ತ ಬಗ್ಗಿ ಬಗ್ಗಿ ನೋಡಿದಳು. “ಈ ತೂತು ಯಾರಪ್ಪ ಮುಚ್ಚಿದ್ದು?”

“ನಾನೇ ಅಕ್ಕ. ನೀರು ಅಲ್ಲಿಂದಾನೇ ಬರ್ತಿತ್ತಲ್ಲ.”

“ಅದು ನೀರು ಬರೋ ತೂತಲ್ಲ, ಹೋಗೋ ತೂತು. ಗಾಜಿನ ಮೇಲಿಂದ ಇಳಿದ ನೀರು ಪಟ್ಟಿಯೊಳಗೆ ಸೇರಿಕೊಳ್ಳುತ್ತೆ, ಈ ತೂತಿನಿಂದ ಆಚೆ ಹೋಗುತ್ತೆ. ನೀನು ಮುಚ್ಚಿದೆ, ಅದು ಒಳಗಡೆ ಉಕ್ಕಿತು.”

ಹಿತ್ತಲ ಬಾಗಿಲಲ್ಲಿ ಕೂತಿದ್ದ ಅತ್ತೆ ಸುಮ್ಮನಿರಲಿಲ್ಲ. “ಇಳಿಯೋ ಬಾಗಿಲು ಮುಚ್ಚಿಟ್ಟು ಬಸ್ಸಿಗೆ ಜನ ತುಂಬಿಸ್ಕೊಂಡ ಹಾಗಾಯ್ತಲ್ಲೋ ಮಗನೇ.”

ಅಂಟಣ್ಣನ ಮುಖ ಸಪ್ಪಗಾಯಿತು. ಆದರೂ ಸೋಲಲಿಲ್ಲ. “ಸರಿ ಅಕ್ಕ, ತೂತು ತೆರೆದೇ ಇದ್ದಾಗಲೂ ನೀರು ಬರ್ತಿತ್ತಲ್ಲ, ಅದಕ್ಕೇನಂತೀರಿ?”

“ನ್ಯಾಯವಾಗೇ ಕೇಳಿದೆ. ನಾವು ಊಹೆ ಮಾಡೋದು ಬೇಡ, ನೀರನ್ನೇ ಕೇಳೋಣ.”

ಮೊದಲು ಚಾಕುವಿನ ತುದಿಯಿಂದ ತೂತುಗಳನ್ನು ಬಿಡಿಸಿದರು. ಒಳಗಡೆ ಕಟ್ಟೆಯ ಉದ್ದಕ್ಕೂ ಸೀಮೆಸುಣ್ಣದ ಪುಡಿ ಉದುರಿಸಿದರು. ಅಂಟಣ್ಣ ಒಳಗೆ ಮಂಡಿಯೂರಿ ಕಾವಲು ಕೂತ. ಹೊರಗೆ ಹೆಂಡತಿ ಪೈಪಿನಿಂದ ನೀರು ಬಿಟ್ಟಳು. ಮೊದಲು ಕಟ್ಟೆಯ ಬುಡಕ್ಕೆ, ಆಮೇಲೆ ಕಟ್ಟೆ ಚೌಕಟ್ಟು ಸೇರುವ ಸಂದಿಗೆ, ಕೊನೆಗೆ ಗಾಜಿಗೆ, ಹೀಗೆ ಕೆಳಗಿನಿಂದ ಮೇಲಕ್ಕೆ. ಹಿಂದಿನ ಬದಿಯ ಸಂದಿಗೆ ಬಂದಾಗ ಒಳಗಿನಿಂದ ಕೂಗು ಕೇಳಿಸಿತು.

“ನಿಲ್ಸು, ನಿಲ್ಸು. ಪುಡಿ ಇಲ್ಲಿ ಒದ್ದೆ ಆಯ್ತು.”

ಹೊರಗೆ ಅದೇ ಜಾಗದಲ್ಲಿ ಕಟ್ಟೆಯ ಅಂಚು ಚೌಕಟ್ಟಿಗಿಂತ ಆಚೆ ಚಾಚಿಕೊಂಡಿತ್ತು. ಚಾವಣಿಯ ನೀರೆಲ್ಲ ಅದರ ಮೇಲೇ ಬಿದ್ದು, ನಿಂತು, ಚೌಕಟ್ಟಿನ ಅಡಿಯಿಂದ ಒಳಗೆ ನುಸುಳುತ್ತಿತ್ತು.

“ಒಳಗಿಂದ ಎಷ್ಟು ಬಳಿದ್ರೇನು, ಅಷ್ಟೊತ್ತಿಗೆ ನೀರು ಕಟ್ಟೆ ಹತ್ತಿ ಕೂತಿರುತ್ತೆ. ಆಚೆನೇ ತಡೀಬೇಕಪ್ಪ,” ಎಂದಳು ಗಾಜಿನಕ್ಕ.

ಬಿಸಿಲು ಬಿದ್ದು ಎಲ್ಲ ಒಣಗಿದ ಮೇಲೆ ಅಂಟಣ್ಣನೇ ಕೆಲಸಕ್ಕೆ ಇಳಿದ. ಹಳೆ ಅಂಟನ್ನು ಕೆರೆದು ತೆಗೆದ. ಸಂದಿಯ ಮಣ್ಣು, ಪಾಚಿ ಉಜ್ಜಿ ಒಣಬಟ್ಟೆಯಿಂದ ಒರೆಸಿದ. ಹೊರಗಿನಿಂದ ಸಿಲಿಕೋನ್ ತುಂಬಿದ, ತೂತುಗಳನ್ನು ಮಾತ್ರ ಮುಟ್ಟಲಿಲ್ಲ. ಕಟ್ಟೆಯ ಅಂಚಿಗೆ ಸಿಮೆಂಟ್ ಹಾಕಿ ಹೊರಕ್ಕೆ ಇಳಿಜಾರು ಮಾಡಿದ. ಚಾವಣಿಯ ನೀರು ಡ್ರಮ್ಮಿಗೆ ಹೋಗುವಂತೆ ಅದರ ಅಂಚಿಗೆ ತಗಡಿನ ದೋಣಿ, ಪೈಪು ಕಟ್ಟಿದ. ಕಟ್ಟೆಗೆ ಒತ್ತಿಕೊಂಡಿದ್ದ ಮಣ್ಣನ್ನೂ ಎಳೆದು ಹಾಕಿದ. ಇಷ್ಟೆಲ್ಲ ಮಾಡಿಯೂ, “ನಿಲ್ಲುತ್ತೆ ಅಂತ ನಂಗೇನೂ ನಂಬಿಕೆ ಇಲ್ಲ” ಎಂದು ಗೊಣಗಿದ.

ಸಸಿ ಒಯ್ಯಲು ಗುಂಪಿನವರು ಬಂದ ಹೊತ್ತಿಗೇ ಮಳೆ ಹಿಡಿಯಿತು. ಸಣ್ಣ ಮಳೆಯಲ್ಲ, ಎದುರು ಮನೆ ಕಾಣದಂಥ ಮಳೆ. ಹೆಂಗಸರೆಲ್ಲ ದಡಬಡ ಗಾಜಿನ ಮನೆಗೇ ನುಗ್ಗಿದರು. ನೆಲ ನೋಡಲು ಸೊಸೆಗೆ ಧೈರ್ಯ ಬರಲಿಲ್ಲ.

ಗುಂಪಿನ ಹಿರಿಯಕ್ಕ ಹಿಂಬದಿಯ ತಟ್ಟೆಯೊಂದನ್ನು ಎತ್ತಿ, ಅದರ ಕೆಳಗೆ ಕೈಯಾಡಿಸಿದಳು. ಆಮೇಲೆ ಅಂಗೈ ಎಲ್ಲರಿಗೂ ತೋರಿಸಿದಳು. ಬರೀ ಒಣ ಧೂಳು. “ಈ ಮಳೇಲೂ ಒಂದು ಹನಿ ಇಲ್ಲ ಕಣ್ರೇ. ಮುಂದಿನ ಸಲಕ್ಕೂ ನಿನ್ನ ಹತ್ರಾನೇ ಹೇಳಿಟ್ಟಿರ್ತೀವಿ ತಾಯಿ.”

ಸೊಸೆಗೆ ಹಿಗ್ಗು ತಡೆಯಲಾಗಲಿಲ್ಲ, ಕಣ್ಣು ತುಂಬಿಬಂತು. ಅಂಟಣ್ಣನೋ, ಸುರಿಯುವ ಮಳೆಯಲ್ಲೇ ಹೊರಗೆ ಕುಕ್ಕರಗಾಲಲ್ಲಿ ಕೂತು ಗಾಜು ತಟ್ಟುತ್ತಿದ್ದ. “ಎಲ್ಲರೂ ಇಲ್ಲಿ ನೋಡಿ, ತೂತಿಂದ ನೀರು ಹೆಂಗೆ ಆಚೆ ಹೋಗ್ತಿದೆ.”

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಗಾಜಿನ ಮನೆಯ ಬುಡವೂ ಒದ್ದೆಯಾಗುತ್ತಿದೆಯೇ? ಅಂಟು ಕೊಳ್ಳುವ ಮೊದಲು ನೀರು ಬರುವ ದಾರಿ ಹುಡುಕಿ. ಸಂದಿಯನ್ನು ಒಣಗಿಸಿ ಹೊರಗಿನಿಂದ ಮುಚ್ಚಿ. ನೀರು ಹೋಗುವ ತೂತನ್ನು ಎಂದಿಗೂ ಮುಚ್ಚಬೇಡಿ, ಚಾವಣಿಯ ನೀರನ್ನು ದೂರ ಸಾಗಿಸಿ. ಮೋಡ ಕಟ್ಟುವ ತನಕ ಕಾಯಬೇಡಿ. ಇವತ್ತು ಬಿಸಿಲಿದ್ದರೆ ಇವತ್ತೇ ಹಿತ್ತಲಿಗೆ ಹೋಗಿ ಒಮ್ಮೆ ಬಗ್ಗಿ ನೋಡಿ.